ಗುಜರಿಗೆ ಹೋದ ಆಯುಧ

“ಪೆಟ್ಟಿಗೇನ ನಾನೇ ಎಲ್ಲೋ ಇಟ್ಟು ಮರೆತಿದೀನಿ ಕಣಮ್ಮ,” ಎನ್ನುತ್ತ ಆರ್ಚಿ ಮತ್ತೆ ಗ್ಯಾರೇಜಿನಿಂದ ಬರಿಗೈಯಲ್ಲಿ ಬಂದರು. ಸುಚೇತಾ ಮಾವನ ಮುಖ ನೋಡಲಾರದೆ ಸಿಂಕಿನತ್ತ ತಿರುಗಿಕೊಂಡಳು.

ಸ್ಕಾಟ್‌ಲೆಂಡಿನ ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುತ್ತಲೇ ಮುದುಕನಾದ ಜೀವ ಅದು. ಹೆಂಡತಿ ತೀರಿಕೊಂಡ ಮೇಲೆ ಬರ್ಮಿಂಗ್‌ಹ್ಯಾಮಿನ ಮಗನ ಮನೆಗೆ ಬರುವಾಗ ತಂದಿದ್ದು ಎರಡು ಸೂಟ್‌ಕೇಸು, ಸುತ್ತಿಗೆ ಉಳಿಗಳ ಒಂದು ಕಬ್ಬಿಣದ ಪೆಟ್ಟಿಗೆ. “ಸ್ಕಾಟ್‌ಲೆಂಡ್ ಅಂದ್ರೆ ಜನಕ್ಕೆ ಗುಡ್ಡ, ಕುರಿ, ಗಂಡಸರ ಲಂಗ. ನಂಗೆ ಮಾತ್ರ ಈ ಪೆಟ್ಟಿಗೇನೇ ನಮ್ಮೂರು,” ಎಂದು ನಗುತ್ತಿದ್ದರು.

ಆಯುಧಪೂಜೆಗೆಂದು ಗ್ಯಾರೇಜು ಗುಡಿಸುವಾಗ ಸುಚೇತಾ ಆ ತುಕ್ಕು ಹಿಡಿದ ಪೆಟ್ಟಿಗೆಯನ್ನು ಯಾವುದೋ ಹಳೇ ಸಾಮಾನೆಂದು ತೆರೆದೂ ನೋಡದೆ ಗುಜರಿ ವ್ಯಾನಿನವನಿಗೆ ಕೊಟ್ಟಿದ್ದಳು. ಆಮೇಲೆ ಕಾರನ್ನು ಹತ್ತಿರದ ಟಿವಿಡೇಲಿನ ಗುಡಿಗೆ ಒಯ್ದು ಪೂಜೆ ಮಾಡಿಸಿದಳು. ತನ್ನ ಸ್ಟೆತಸ್ಕೋಪಿಗೂ ಕುಂಕುಮವಿಟ್ಟಳು! ಸಂಜೆ ಮಾವ ಕೇಳಿದಾಗ ಗಾಬರಿಯಲ್ಲಿ, “ನಾನು ನೋಡಿಲ್ಲ ಮಾವ,” ಎಂದುಬಿಟ್ಟಳು... ವ್ಯಾನಿನವನನ್ನು ಹುಡುಕುವಷ್ಟರಲ್ಲಿ ಪೆಟ್ಟಿಗೆ ಕುಲುಮೆಯಲ್ಲಿ ಕರಗಿಹೋಗಿತ್ತು. ಅಂದಿನಿಂದ ಮುದುಕರಿಗೆ ತಮ್ಮ ಮೇಲೇ ಅನುಮಾನ. ಒಲೆ ಆರಿಸಿದೆನೇ, ಮಾತ್ರೆ ನುಂಗಿದೆನೇ ಎಂದು ಚೀಟಿ ಬರೆದು ಅಂಟಿಸತೊಡಗಿದರು. ಡಾಕ್ಟರಾಗಿದ್ದೂ ಅವಳು ಆ ಚೀಟಿಗಳನ್ನು ನೋಡುತ್ತ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ಈಗ ಗಂಡ ಯೂಅನ್ ಒಂದು ಕಾಗದ ಹಿಡಿದು ಬಂದ. “ಮರೆವು ಪರೀಕ್ಷೆ ಮಾಡೋ ಮೆಮೊರಿ ಕ್ಲಿನಿಕ್ಕಿನ ತಾರೀಖು ಬಂದಿದೆ ಅಪ್ಪ. ವೃದ್ಧರ ಹೋಮ್ ಒಂದನ್ನೂ ನೋಡ್ಕೊಂಡು ಬರೋಣ. ಸುಚೇತಾ, ನೀನಾದ್ರೂ ಹೇಳು.”

“ನೀನು ಹೇಳಿದ್ರೆ ಹೋಗ್ತೀನಮ್ಮ,” ಎಂದರು ಆರ್ಚಿ, ಮಗುವಿನಂತೆ.

ಸುಚೇತಾ ಸಿಂಕಿನಿಂದ ಇತ್ತ ತಿರುಗಿದಳು. “ಎಲ್ಲಿಗೂ ಹೋಗ್ಬೇಡಿ ಮಾವ... ಪೆಟ್ಟಿಗೆ ನೀವು ಕಳೆದಿಲ್ಲ. ಗುಜರಿಗೆ ಕೊಟ್ಟಿದ್ದು ನಾನು. ಗೊತ್ತಿದ್ದೂ ಸುಳ್ಳು ಹೇಳಿದೆ.”

“ಒಂದು ತಿಂಗಳು, ಸುಚೇತಾ,” ಯೂಅನ್ ಕಾಗದವನ್ನು ಮೇಜಿನ ಮೇಲೆ ಒಗೆದ. “ಇವರು ಒಳಗೊಳಗೇ ಸಾಯೋದನ್ನ ನೋಡ್ಕೊಂಡು ಕೂತಿದ್ಯಾ?”

ಆರ್ಚಿ ಕೈಯೆತ್ತಿ ಮಗನನ್ನು ತಡೆದರು. “ಹಾಗಾದ್ರೆ... ನನ್ನ ತಲೆ ಸರಿಯಾಗಿದೆಯಾ?”

“ಸರಿಯಾಗಿದೆ ಮಾವ.”

ಅವರು ಮೆಲ್ಲನೆ ಕುರ್ಚಿಗೆ ಕುಸಿದರು. “ನಾವು ಹಡಗು ಕಟ್ತಿದ್ದ ಯಾರ್ಡನ್ನೂ ಮಾಲೀಕರು ಹೀಗೇ, ಒಂದು ಮಾತೂ ಹೇಳದೆ ಗುಜರಿಗೆ ಹಾಕಿದ್ರು. ನಾವೇ ಸರಿಯಾಗಿ ದುಡೀಲಿಲ್ಲ ಅಂತ ನಂಬಿಸಿದ್ರು. ನಾನೂ ನಂಬಿದ್ದೆ. ಅವರಲ್ಲಿ ಒಬ್ಬನೂ ನನ್ನೆದುರು ನಿಂತು ಒಪ್ಕೊಳ್ಳಲಿಲ್ಲ. ನೀನು ಒಪ್ಕೊಂಡೆ.”

ಅಷ್ಟು ಹೇಳಿ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರ ಬೆನ್ನು ಸವರಲು ಚಾಚಿದ ಕೈಯನ್ನು ಸುಚೇತಾ ಅರ್ಧದಲ್ಲೇ ಹಿಂದಕ್ಕೆಳೆದುಕೊಂಡಳು. ಅವರು ಹೊಗಳುವ ಬದಲು ಬೈದಿದ್ದರೆ ಮುಟ್ಟಬಹುದಿತ್ತೇನೋ...