ಹೆಬ್ಬೆರಳು ಒತ್ತಿದ ಅಂಚು

ಬೆಳಗ್ಗೆ ಎಂಟಕ್ಕೆ ಕ್ಯೂಬಮ್ಮ ಲ್ಯಾಬಿನ ಬಾಗಿಲು ತೆಗೆದಳು. ಒದ್ದೆ ಗೋಣಿ ಸರಿಸಿ ಸಿಮೆಂಟು ಹಾಸಿನ ಮೇಲೆ ಬೆರಳಿಟ್ಟಳು. ಬೆರಳು ಒಳಗೇ ಹೋಯಿತು.

"ಅಯ್ಯೋ, ಕೆಟ್ಟೆ!"

ಕ್ಯೂಬ್ ಅನ್ನುವ ಸಿಮೆಂಟಿನ ದಿಮ್ಮಿಗಳನ್ನು ಯಂತ್ರದಲ್ಲಿಟ್ಟು ಒಡೆದು ಬಲ ಅಳೆಯುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದೇ, ಅದಕ್ಕೇ ಆ ಹೆಸರು. ನಿನ್ನೆ ಅವಳೇ ನಿಂತು ಎರಡಡಿ ಚೌಕದ ಹಾಸು ಹಾಕಿಸಿದ್ದಳು. ಕಾರ್ಖಾನೆ ಯಜಮಾನರ ಮಗಳು ಕಂಡುಹಿಡಿದ ಹೊಸ ಸಿಮೆಂಟು. ಒಂದೇ ದಿನಕ್ಕೆ ಕಲ್ಲಾಗಬೇಕು. ಹತ್ತು ಗಂಟೆಗೆ ಅವರ ಮನೆಯವರೆಲ್ಲ ಬರುತ್ತಾರೆ. ಯಜಮಾನರು ಹಾಸಿನ ಮೇಲೆ ನಿಲ್ಲುತ್ತಾರೆ. ಅದು ತಡೆದರೆ ಹೊಸ ಕಾರ್ಖಾನೆ ಮಗಳ ಕೈಗೆ. ಕುಸಿದರೆ ಮಗನ ಕೈಗೆ.

ಈಗ ನೋಡಿದರೆ ಬರೀ ಕೆಸರು.

ಮಗ ಮೊದಲೇ ಬಂದ. ಇಣುಕಿ ನೋಡಿ ಹಲ್ಲು ಕಿರಿದ. "ತಂಗಿ ಸಿಮೆಂಟು ಒಣಗಲೇ ಇಲ್ಲವಲ್ರೀ! ಅಳತೆ ಹಾಕಿದೋರು ನೀವು ತಾನೇ? ಹತ್ತು ಗಂಟೆಗೆ ಹಾಸೂ ಆಚೆ, ನೀವೂ ಆಚೆ."

ಅವನ ಮಾತಿನ ಒಂದು ಪದ ಕ್ಯೂಬಮ್ಮನ ಕಿವಿಯಲ್ಲಿ ಉಳಿಯಿತು. ಒಣಗಲಿಲ್ಲ ಅಂದನಲ್ಲ, ಮಹಾಶಯ!

* * *

ಹಾಸು ಹಾಕಿದ ಅಚ್ಚಿನ ಬುಡದಲ್ಲಿ ಇರುವೆ ಸಾಲು. ಸಿಮೆಂಟಿಗೆ ಇರುವೆಗೇನು ಕೆಲಸ? ಬಗ್ಗಿ ನೋಡಿದಳು. ಒಂದೊಂದೂ ಬಿಳಿ ಹರಳು ಹೊತ್ತಿತ್ತು.

ಕ್ಯಾಂಟೀನಿಗೆ ಓಡಿದಳು.

"ಹೌದಕ್ಕಾ, ಎರಡು ಕಿಲೋ ಸಕ್ಕರೆ ಪೊಟ್ಟಣ ಮಾಯ," ಅಂದ ಅಡುಗೆಯವನು. "ನಿನ್ನೆ ಊಟದ ಹೊತ್ತಲ್ಲಿ. ಯಜಮಾನರ ಮಗ ಇಲ್ಲೇ ಸುಳಿದಾಡ್ತಿದ್ರು."

ಸರಿ, ಸಿಕ್ಕಿಬಿದ್ದ ಅಂದುಕೊಂಡಳು. ಆದರೂ ನಿನ್ನೆ ಹಾಸು ಹಾಕಿದ್ದ ಗಾರೆಯವನನ್ನು ಕರೆದು ತೋರಿಸಿದಳು.

ಅವನು ತಲೆ ಕೆರೆದುಕೊಂಡ. "ನಾನು ಕರಣೆ ಎಳೆದು, ಗೋಣಿ ಮುಚ್ಚಿ ಊಟಕ್ಕೆ ಹೋದೆ ಅಕ್ಕಾ. ಅಂಚನ್ನ ಹೀಗೆ ಹೆಬ್ಬೆರಳಲ್ಲಿ ದುಂಡಗೆ ಒತ್ತಿದ್ದು ನಾನಲ್ಲ. ನಂಗದು ಬರೋದೂ ಇಲ್ಲ."

ಕ್ಯೂಬಮ್ಮ ಅಂಚಿನ ಮೇಲೆ ಕಣ್ಣಾಡಿಸಿದಳು. ನಾಲ್ಕೂ ಬದಿ ಒಂದೇ ಸಮ. ಇಂಥ ಅಂಚನ್ನು ಅವಳು ಮೊದಲೂ ನೋಡಿದ್ದಳು.

* * *

ಹತ್ತಕ್ಕೆ ಎಲ್ಲರೂ ಸೇರಿದರು. ಮಗಳು ಹಾಸು ನೋಡಿದ್ದೇ ತುಟಿ ಕಚ್ಚಿದಳು. ಯಜಮಾನರು ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದರು.

"ಸಕ್ಕರೆ ಬೆರೆಸಿದ್ದಾರೆ," ಅಂದಳು ಕ್ಯೂಬಮ್ಮ.

ಮಗ ನಕ್ಕ. "ಸಕ್ಕರೆ ಟೀಗೆ ಹಾಕ್ತಾರೆ ಕಣ್ರೀ!"

"ಯಾರೋ ಕೆಲಸ ಬಾರದವನ ಕೈವಾಡ," ಅಂತ ಅವಳು ಮುಂದುವರಿಸಿದಳು. "ಅಂಚು ನೋಡಿ, ಎಷ್ಟು ಗಲೀಜು. ಹಸುಗೂಸೂ ಇದಕ್ಕಿಂತ ಚೆನ್ನಾಗಿ ಒತ್ತುತ್ತೆ."

"ಏನಂದೆ?" ಯಜಮಾನರ ಮುಖ ಕೆಂಪಾಯಿತು. "ಗಲೀಜಾ? ಅಂಥ ಅಂಚು ಒತ್ತೋ ಕೈ ಈ ಕಾರ್ಖಾನೆಯಲ್ಲಿ ಇನ್ನೊಂದು ತೋರಿಸು!"

ಮಗಳು ತಟ್ಟನೆ ಅಪ್ಪನ ಕಡೆ ತಿರುಗಿದಳು.

"ಇಲ್ಲ ಯಜಮಾನ್ರೇ, ಇನ್ನೊಂದಿಲ್ಲ," ಅಂದಳು ಕ್ಯೂಬಮ್ಮ ಮೆಲ್ಲಗೆ. "ನಿಮ್ಮ ಮಗನ ಮೇಲೇ ನಂಗೂ ಅನುಮಾನ ಇತ್ತು. ಆದರೆ ಅವರು ಸಿಮೆಂಟು ಒಣಗಲಿಲ್ಲ ಅಂದ್ರು. ಸಿಮೆಂಟು ಒಣಗೋದಲ್ಲ, ನೀರು ಕುಡಿದು ಗಟ್ಟಿಯಾಗೋದು. ಅಷ್ಟೂ ಗೊತ್ತಿಲ್ಲದೋರಿಗೆ ಸಕ್ಕರೆ ವಿಷಯ ಎಲ್ಲಿ ಹೊಳೀಬೇಕು? ಮಿಕ್ಸರ್ ಲಾರಿ ದಾರೀಲಿ ಕೆಟ್ಟಾಗ ಒಳಗೆ ಸಕ್ಕರೆ ಸುರಿದು ಕಾಂಕ್ರೀಟು ಗಟ್ಟಿಯಾಗದ ಹಾಗೆ ಮಾಡ್ತಿದ್ದ ಹಳಬರಿಗೆ ಗೊತ್ತು. ಹಸಿ ಹಾಸು ಕಲಕಿ ಸಕ್ಕರೆ ಬೆರೆಸಿದೋರು ಓಡಿಹೋಗಬೇಕಿತ್ತು. ಒರಟು ಅಂಚು ಬಿಟ್ಟು ಹೋಗೋಕೆ ಅವರಿಗೆ ಮನಸ್ಸು ಬರಲಿಲ್ಲ. ಕೂತು ಒತ್ತಿದ್ರು. ಹಸಿ ಸಿಮೆಂಟು ಚರ್ಮ ಸುಡುತ್ತೆ. ಆ ಹೆಬ್ಬೆರಳು ಒಮ್ಮೆ ತೋರಿಸ್ತೀರಾ?"

ಯಜಮಾನರು ಜೇಬಿನಿಂದ ಕೈ ತೆಗೆಯಲಿಲ್ಲ. ಮಗಳ ಕಡೆ ನೋಡಿದರು.

"ನಾನು ಗಾರೆ ಕೆಲಸದಿಂದ ಶುರು ಮಾಡಿ ಇಷ್ಟೆಲ್ಲ ಕಟ್ಟಿದೆ. ಈಗ ಎಲ್ಲಿ ಹೋದರೂ 'ನಿಮ್ಮ ಮಗಳ ಸಿಮೆಂಟು' ಅಂತಾರೆ. ಹೊಟ್ಟೆ ಉರೀತು ಕಣೇ. ನನ್ನ ಮಗಳ ಮೇಲೇ ಉರೀತು."

ಮಗಳು ಬಗ್ಗಿ ಹಾಸಿನ ಅಂಚು ಮುಟ್ಟಿದಳು.

"ನಂಗೂ ಉರೀತಿತ್ತು ಅಪ್ಪಾ, ಚಿಕ್ಕಂದಿನಿಂದ. ಈ ಅಂಚು ಒತ್ತೋದನ್ನ ಅಣ್ಣನಿಗೆ ಕೂರಿಸಿಕೊಂಡು ಹೇಳಿಕೊಟ್ರಿ. ಅವನಿಗೆ ಬರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ. ನನ್ನ ಒಂದು ದಿನಾನೂ ಕರೀಲಿಲ್ಲ ನೀವು."

ಮಗ ತಲೆ ತಗ್ಗಿಸಿದ. ಗೋಡೆಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

"ತೀರ್ಮಾನ ನಾಳೆ," ಅಂದರು ಯಜಮಾನರು ಎಲ್ಲರಿಗೂ ಕೇಳುವಂತೆ. "ಹೊಸ ಹಾಸು ಹಾಕಿ. ಇದನ್ನು ಕೆಡಿಸಿದ್ದು ನಾನು."

ಸುಟ್ಟು ಸಿಪ್ಪೆಯೆದ್ದ ಹೆಬ್ಬೆರಳನ್ನು ಕೊನೆಗೂ ಹೊರಗೆ ತೆಗೆದರು. ಮೊಣಕಾಲು ಊರಿ ಅಚ್ಚಿನ ಪಕ್ಕ ಕೂತರು.

"ಕರಣೆ ತಗೊಂಡು ಬಾ ಮಗಳೇ," ಅಂದರು. "ಇಲ್ಲಿ ಕೂತ್ಕೋ."