ಒಳಚಿಲಕ

ಮೂರನೆಯ ಚಿಲಕ ಮಾಯವಾದದ್ದು ಹಾಡುಹಗಲಲ್ಲಿ, ಮನೆಮಂದಿಯೆಲ್ಲ ಮನೆಯಲ್ಲೇ ಇದ್ದಾಗ.

ಮೊದಲು ಹೋದದ್ದು ಬಚ್ಚಲಮನೆಯದು. ಆಮೇಲೆ ಸಾಮಾನಿನ ಕೋಣೆಯದು. ಈಗ ಹುಡುಗಿಯ ಕೋಣೆಯದು. ಮೂರೂ ಒಳಗಿನಿಂದ ಹಾಕುವ ಚಿಲಕಗಳೇ. ಸ್ಕ್ರೂ ಸಮೇತ ಮಾಯ — ಬಾಗಿಲ ಮೇಲೆ ಉಳಿದದ್ದು ಬರೀ ತೂತುಗಳು.

ಹೆಂಡತಿಗೆ ಫೋನ್ ಮಾಡಿದವಳು ನನ್ನ ನಾದಿನಿ, ಆ ಹುಡುಗಿಯ ತಾಯಿ.

“ಅಕ್ಕಾ, ಈ ಮನೇಲಿ ಯಾರೋ ನಮ್ಮನ್ನ ಬಾಗಿಲು ಹಾಕ್ಕೊಳ್ಳೋಕೆ ಬಿಡ್ತಿಲ್ಲ.”

ನನ್ನ ಹೆಂಡತಿ ವಿಮೆ ಕಂಪನಿಗೆ ಕಳವಿನ ತನಿಖೆ ಮಾಡುವವಳು. ಮನೆ ಕಳವಾಯಿತು, ಪರಿಹಾರ ಕೊಡಿ ಎಂದವರ ಮನೆಗೆ ಹೋಗಿ, ಕಳವಾದದ್ದು ನಿಜವೇ ಎಂದು ನೋಡುವುದು ಅವಳ ಕೆಲಸ. ತಮ್ಮ ಮನೆಗೆ ತಾವೇ ಕನ್ನ ಹಾಕಿಕೊಂಡವರನ್ನು ಬೇಕಾದಷ್ಟು ಕಂಡಿದ್ದಾಳೆ. ನಾನು ಅವಳ ಸ್ಕೂಟರ್ ಓಡಿಸುವವನು, ಚೀಲ ಹಿಡಿಯುವವನು, ಕೇಳಿದರೆ ಮಾತ್ರ ಅಭಿಪ್ರಾಯ ಹೇಳುವವನು. ಅವಳು ಕೇಳುವುದಿಲ್ಲ.

ನಾವು ನಾದಿನಿಯ ಮನೆಗೆ ಹೋದಾಗ, ಚಿಲಕ ಹೋದ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಮುಚ್ಚಿ ಬಂದು ಕೂತರೆ ಸ್ವಲ್ಪ ಹೊತ್ತಿಗೆ ಕಿರ್ರೆಂಬ ಸದ್ದು. ತಿರುಗಿ ನೋಡಿದರೆ ಒಂದು ಗೇಣಿನಷ್ಟು ಕತ್ತಲೆ. ಅದರೊಳಗಿನಿಂದ ಯಾರೋ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುವುದು. ನನಗೆ ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬಚ್ಚಲಿನಿಂದ ಹಾಡು ಕೇಳುತ್ತಿತ್ತು. ಹುಡುಗಿಯ ಅಜ್ಜಿ, ಅಂದರೆ ನಾದಿನಿಯ ಅತ್ತೆ, ಒಳಗೆ ಜನ ಇದ್ದಾರೆಂದು ತಿಳಿಯಲಿ ಎಂದು, ಚಿಲಕ ಹೋದಂದಿನಿಂದ ಸ್ನಾನ ಮುಗಿಯುವವರೆಗೂ ಹಾಡುತ್ತಿದ್ದರಂತೆ. ಆ ಕಂಠವನ್ನು ದಾಟಿ ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಹೆಂಡತಿ ಮುಂಬಾಗಿಲ ಚಿಲಕ ಅಲ್ಲಾಡಿಸಿ ನೋಡಿದಳು. ಭದ್ರವಾಗಿತ್ತು. ತೂತುಗಳ ಸುತ್ತಲಿನ ಬಿಳಿ ಬಣ್ಣವನ್ನು ಬೆರಳಿನಿಂದ ಸವರಿದಳು.

ನನ್ನ ಸಂಶಯ ಹುಡುಗಿಯ ಅಪ್ಪನ ಮೇಲೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳ ಚಿಲಕ ಕಿತ್ತು ಬಿಸಾಡುತ್ತೇನೆಂದು ಹೋದ ತಿಂಗಳು ಕೂಗಾಡಿದ್ದನಂತೆ.

“ಹೇಳಿದ್ದು ನಿಜ, ಅತ್ತಿಗೆ,” ಎಂದ. “ಹದಿನಾರು ವರ್ಷದ ಹುಡುಗಿ, ಮನೆಗೆ ಬಂದ್ರೆ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಾಳೆ. ರೂಮಲ್ಲಿಲ್ಲಾಂದ್ರೆ ಸಾಮಾನಿನ ಕೋಣೇಲಿ. ಕರೆದ್ರೆ ಓ ಅನ್ನಲ್ಲ. ಸಿಟ್ಟು ಬರಲ್ವಾ?”

“ಕಿತ್ತಿರಾ?”

“ಇಲ್ಲ. ಬೇಕಾದ್ರೆ ನನ್ನ ಪೆಟ್ಟಿಗೆ ನೋಡಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಯಾರೂ ಕೇಳದೆಯೇ ಪೆಟ್ಟಿಗೆ ತಂದು ಸುರಿದ. ಸ್ಕ್ರೂಡ್ರೈವರ್‌ಗಳೆಲ್ಲ ಗ್ರೀಸ್ ಮೆತ್ತಿ ಕಪ್ಪಗಿದ್ದವು. ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಅಜ್ಜಿ ಹೊರಗೆ ಬಂದರು. ಕೈಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಸೀರೆಯ ಸೆರಗು ಸಿಕ್ಕಿಸಲೂ ಕಷ್ಟಪಡುತ್ತಿದ್ದರು. ಇದು ಮನುಷ್ಯರ ಕೆಲಸವಲ್ಲ ಎಂದು ಅವರ ವಾದ. ಮೊನ್ನೆ ಬಚ್ಚಲ ಬಾಗಿಲು ತಾನೇ ತೆರೆದುಕೊಂಡಿತಂತೆ. ಒಳಗೆ ಮೊಮ್ಮಗಳು. ಬಕೆಟ್ ತುಂಬಿ ನೀರು ಹರಿಯುತ್ತಿತ್ತು, ಮೈಮೇಲಿನ ಬಟ್ಟೆ ಒಣಗಿಯೇ ಇತ್ತು. ಗೋಡೆ ನೋಡುತ್ತ ನಿಂತಿದ್ದಳು.

“ಕರೆದೆ. ತಿರುಗಿ ನೋಡಿದ್ಲು,” ಎಂದರು ಅಜ್ಜಿ. “ಆ ಕಣ್ಣು ನಮ್ಮ ಮಗೂದಲ್ಲಮ್ಮ.”

ನಾನು ಬಚ್ಚಲ ಬಾಗಿಲಿಗೆ ಬೆನ್ನು ಹಾಕದಂತೆ ಸರಿದು ನಿಂತೆ.

ನಾದಿನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಈಚೆಗೆ ಎರಡು ಪಾಳಿ. ನಡುಮನೆಯ ಹೊಲಿಗೆ ಮೆಷಿನ್ ಮೇಲೆ ಮಡಿಸದ ಬಟ್ಟೆಗಳ ರಾಶಿ ಬಿದ್ದಿತ್ತು. ಈ ಮೆಷಿನ್ ತೆಗೆದು ಎಷ್ಟು ದಿನವಾಯಿತು ಎಂದು ಹೆಂಡತಿ ಕೇಳಿದಳು. ಚಿಲಕಕ್ಕೂ ಹೊಲಿಗೆಗೂ ಏನು ಸಂಬಂಧವೋ.

“ಪುರುಸೊತ್ತೆಲ್ಲಿದೆ, ಅಕ್ಕ? ಮೊದ್ಲು ದಿನಾ ಸಾಯಂಕಾಲ ಕೂರ್ತಿದ್ದೆ. ಇವಳೇ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡ್ತಿದ್ಲು.”

ಕೊನೆಗೆ ಹುಡುಗಿಯ ಕೋಣೆ. ಚಿಲಕ ಹೋಯಿತೆಂದು ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡಿದವಳು ಅವಳೇ. ಈಗ ಮಂಚದ ತುದಿಯಲ್ಲಿ ಮುದುಡಿ ಕೂತಿದ್ದಳು. ಕಿಟಕಿಯ ಹತ್ತಿರ ಒಂದು ಮರದ ಕುರ್ಚಿ, ಅದರ ತುಂಬ ಬಟ್ಟೆ. ಕಿಟಕಿಯ ಕಟ್ಟೆಯ ಮೇಲೆ ಅಪ್ಪ ತಂದುಕೊಟ್ಟ ಹೊಸ ಚಿಲಕ, ಪೊಟ್ಟಣ ಬಿಚ್ಚದೆ ಬಿದ್ದಿತ್ತು.

“ಮಲಗಿದ್ದೆ, ದೊಡ್ಡಮ್ಮ. ಎದ್ದಾಗ ಇರ್ಲಿಲ್ಲ.”

“ಭಯ ಆಯ್ತಾ?”

“ಹೂಂ.”

“ಯಾರ ಭಯ?”

ಹುಡುಗಿ ಬಾಗಿಲ ಕಡೆ ನೋಡಲಿಲ್ಲ. ತನ್ನ ಎರಡು ಕೈಗಳನ್ನು ನೋಡಿಕೊಂಡಳು.

ಹೆಂಡತಿ ಎಲ್ಲರನ್ನೂ ಆ ಕೋಣೆಗೇ ಕರೆಸಿ, ಹುಡುಗಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು:

“ನಾನು ಹೇಳ್ಲಾ? ನೀನೇ ಹೇಳ್ತೀಯಾ?”

“ನೀವೇ ಹೇಳಿ, ದೊಡ್ಡಮ್ಮ.”

ಅಪ್ಪ ಬೆಚ್ಚಿದ. ನಾನೂ.

“ಹೊರಗಿನ ಕಳ್ಳ ಆಗಿದ್ರೆ ಮುಂಬಾಗಿಲ ಚಿಲಕ ತೆಗೀತಿದ್ದ,” ಎಂದು ಹೆಂಡತಿ ಶುರುಮಾಡಿದಳು. “ಅದಿದೆ. ನಿಮ್ಮ ರೂಮಿಂದೂ ಇದೆ, ಅಜ್ಜಿ ರೂಮಿಂದೂ ಇದೆ. ಹೋಗಿರೋದು ಯಾವುದು? ಈ ಮಗು ಒಬ್ಬಳೇ ಬಾಗಿಲು ಹಾಕ್ಕೊಂಡಿರೋ ಜಾಗಗಳದ್ದು ಮಾತ್ರ.”

“ನಾನು ತೆಗೆದಿಲ್ಲ...” ಎಂದ ಅಪ್ಪ.

“ಗೊತ್ತು. ನಿಮ್ಮ ಸ್ಕ್ರೂಡ್ರೈವರ್ ಮುಟ್ಟಿದ್ರೆ ಬಿಳಿ ಬಣ್ಣದ ಮೇಲೆ ಗ್ರೀಸ್ ಕಾಣಬೇಕಿತ್ತು. ಒಂದು ಚುಕ್ಕೇನೂ ಇಲ್ಲ. ಅಜ್ಜಿ ಕೈಲಿ ತಿರುಗಿಸೋಕೇ ಆಗಲ್ಲ. ಈ ಮನೇಲಿ ಇನ್ನೊಂದು ಸ್ಕ್ರೂಡ್ರೈವರ್ ಇದೆ, ಚಿಕ್ಕದು. ಹೊಲಿಗೆ ಮೆಷಿನ್ ಜೊತೆ ಬಂದಿದ್ದು.”

ನಾದಿನಿ ತನ್ನ ಮೇಲೆ ಬಂತೆಂದು ಬಾಯಿ ತೆರೆದಳು. ಹೆಂಡತಿ ಕೈ ಎತ್ತಿ ತಡೆದಳು.

“ನಾವೆಲ್ಲ ಒಂದನ್ನ ನೋಡಿಯೂ ನೋಡ್ಲಿಲ್ಲ. ಆ ಕುರ್ಚಿ. ಚಿಲಕ ಹೋಯ್ತು ಅಂತ ಅಷ್ಟು ಗೋಳಾಡಿದ ಹುಡುಗಿ, ಆ ಕುರ್ಚೀನ ಎಳೆದು ಬಾಗಿಲಿಗೆ ಒತ್ತಿ ಇಡಬೇಕಿತ್ತಲ್ಲ? ಯಾರಾದ್ರೂ ಮಾಡೋದು ಅದನ್ನೇ. ಕುರ್ಚಿ ಜಾಗ ಬಿಟ್ಟು ಅಲ್ಲಾಡಿಲ್ಲ. ಹೊಸ ಚಿಲಕದ ಪೊಟ್ಟಣ ಬಿಚ್ಚಿಲ್ಲ. ಇವಳಿಗೆ ಬಾಗಿಲು ಮುಚ್ಚೋದೇ ಬೇಡ. ಮೂರನ್ನೂ ತೆಗೆದವಳು ಇವಳೇ.”

“ಮತ್ತೆ ಗಲಾಟೆ ಮಾಡಿದ್ದು?” ನಾದಿನಿ ಕೇಳಿದಳು.

“ನೀವು ಬಂದು ಕೇಳ್ಲಿ ಅಂತ. ಕೇಳಿದ್ರಿ — ಚಿಲಕಕ್ಕೆ ಏನಾಯ್ತು ಅಂತ. ಇವಳಿಗೆ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ.”

ಬಾಗಿಲು ಕಿರ್ರೆಂದು ಇನ್ನಷ್ಟು ತೆರೆದುಕೊಂಡಿತು. ಆಗ ಹುಡುಗಿ ನೆಲ ನೋಡುತ್ತಲೇ ಹೇಳಿದಳು:

“ಒಬ್ಬಳೇ ಇದ್ರೆ ಬದುಕಿರೋದೇ ಬೇಡ ಅನ್ಸುತ್ತೆ. ಬಾಗಿಲು ಹಾಕ್ಕೊಂಡ್ರೆ ಇನ್ನೂ ಜಾಸ್ತಿ. ಯಾಕೆ ಅಂತ ನಂಗೇ ಗೊತ್ತಿಲ್ಲ. ಅಂಥ ಹೊತ್ತಲ್ಲಿ ಯಾರಾದ್ರೂ ಒಳಗೆ ಬರೋ ಹಾಗಿರ್ಲಿ ಅಂತ ತೆಗೆದೆ.”

ನಾದಿನಿ ಎದ್ದು ನಡುಮನೆಗೆ ಓಡಿದಳು. ಬಟ್ಟೆಯ ರಾಶಿ ನೆಲಕ್ಕೆ ಬಿದ್ದ ಸದ್ದು, ಮೆಷಿನ್ನಿನ ಡ್ರಾಯರ್ ಎಳೆದ ಸದ್ದು. ಮರಳಿ ಬಂದಾಗ ಅವಳ ಕೈಯಲ್ಲಿ ಹಳೆಯ ಫ್ರಾಕಿನ ತುಂಡಿನ ಗಂಟೊಂದಿತ್ತು. ಒಳಗೆ ಮೂರು ಚಿಲಕ, ಸ್ಕ್ರೂಗಳು.

“ನೀನು ಇವತ್ತು ತೆಗೀತೀಯ, ನಾಳೆ ತೆಗೀತೀಯ ಅಂತ ಕಾಯ್ತಿದ್ದೆ, ಅಮ್ಮ,” ಎಂದಳು ಹುಡುಗಿ.

ತಾಯಿ ಮಗಳನ್ನು ತಬ್ಬಿಕೊಂಡು ಅತ್ತದ್ದನ್ನು ನಾನು ಬರೆಯಲಾರೆ. ಅಪ್ಪ ಹೊಸ ಚಿಲಕದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಆಗಲೇ ಮನೋವೈದ್ಯರಿಗೆ ಫೋನ್ ಮಾಡಿ, ಮರುದಿನ ಬೆಳಗ್ಗೆಯೇ ಮಗಳನ್ನು ನೋಡಲು ಅವರನ್ನು ಒಪ್ಪಿಸಿದ. ಅಮ್ಮ ಅಲ್ಲಿಯವರೆಗೆ ಮಗಳ ಕೋಣೆಯಲ್ಲೇ ಮಲಗುವುದೆಂದಾಯಿತು.

ನಾವು ಹೊರಡುವ ಹೊತ್ತಿಗೆ ಹುಡುಗಿ ಸ್ನಾನಕ್ಕೆ ಹೋಗಬೇಕೆಂದಳು. ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಜ್ಜಿ ಮಾತ್ರ ಮಣೆಯೊಂದನ್ನು ಎಳೆದುಕೊಂಡು ಬಚ್ಚಲ ಬಾಗಿಲ ಮುಂದೆ ಕೂತೇಬಿಟ್ಟರು.

“ಹೋಗು ಮಗಾ. ಹಾಡ್ತಾ ಇರು. ನಿಲ್ಲಿಸಿದ್ರೆ ನಾನು ಒಳಗೆ ಬಂದೇ ಬರ್ತೀನಿ.”

ಒಳಗೆ ನೀರು ಬಿದ್ದ ಸದ್ದು. ಆಮೇಲೆ ಸಣ್ಣದೊಂದು ದನಿ, ಶ್ರುತಿಯಿಲ್ಲ, ತಾಳವಿಲ್ಲ. ನಾವೆಲ್ಲ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಅಲ್ಲೇ ನಿಂತೆವು. ನಡುವೆ ಒಮ್ಮೆ ಹಾಡು ನಿಂತಿತು. ಅಜ್ಜಿಯ ಸೊಟ್ಟ ಬೆರಳುಗಳು ಬಾಗಿಲ ಮೇಲೆ ಹೋದವು.

“ಸೋಪು ಬಾಯಿಗೆ ಹೋಯ್ತು, ಅಜ್ಜೀ,” ಎಂದಿತು ಒಳಗಿನ ದನಿ, ಮತ್ತೆ ಹಾಡತೊಡಗಿತು.