ಮೂವತ್ತೇಳನೆಯ ಸಂಚಿಕೆಯ ಹೊಲಿಗೆ

"ಓದಿ, ಬೇಡ ಅನ್ನಲ್ಲ. ಆದ್ರೆ ಆ ದಾರ ಮಾತ್ರ ಬಿಚ್ಚಬೇಡಿ."

ಹಳೆ ಪುಸ್ತಕದಂಗಡಿಯ ಮುದುಕ ಇಷ್ಟು ಹೇಳಿ, ಕೈಯಲ್ಲಿದ್ದ ಪತ್ರಿಕೆಯನ್ನು ಕೊಡಲೋ ಬೇಡವೋ ಎಂಬಂತೆ ಎದೆಗೊತ್ತಿಕೊಂಡು ನಿಂತ. ಎದುರಿಗಿದ್ದ ಗಿರಾಕಿಗೆ ನಗು ತಡೆಯಲಾಗಲಿಲ್ಲ. ಗಿರಾಕಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ನಲವತ್ತಾರು ವರ್ಷ, ಮದುವೆಯಿಲ್ಲ, ಮೂಗಿನ ಮೇಲೆ ದಪ್ಪ ಕನ್ನಡಕ. ಈ ಓಣಿಯ ಅಂಗಡಿಗೆ ಅವನು ಕಾಲಿಟ್ಟಿದ್ದು ಅದೇ ಮೊದಲು.

"ಬಿಚ್ಚಿದ್ರೆ ಏನಾಗುತ್ತೆ? ದೆವ್ವ ಬಂದು ಕತೆ ಓದಿ ಹೇಳುತ್ತಾ?"

"ನಗಬೇಡಿ. ಅದರೊಳಗೆ ಮಾಟ ಇದೆ."

"ಮಾಟ ಇರೋ ಕತೆಗಳನ್ನೇ ನಾನು ಹುಡುಕ್ತಿರೋದು ಯಜಮಾನ್ರೇ. ಮನೇಲಿ ಅರವತ್ತೊಂದು ಇವೆ."

ಸುಳ್ಳಲ್ಲ. 'ಕಪ್ಪು ಕೈಗವಸು' ಎಂಬ ಪತ್ತೇದಾರಿ ಮಾಸಪತ್ರಿಕೆ ಅವನು ಹುಟ್ಟುವ ಮೊದಲೇ ಐದು ವರ್ಷ ಚಿಲ್ಲರೆ ನಡೆದು ಕಣ್ಮುಚ್ಚಿತ್ತು. ಒಟ್ಟು ಅರವತ್ತೆರಡು ಸಂಚಿಕೆ. ಮುಖಪುಟದ ಮೇಲೆ ಬಾಯ್ತೆರೆದು ಕಿರುಚುವ ಹೆಂಗಸರು, ಕಿಟಕಿಯಾಚೆ ಹಸಿರು ಮುಖಗಳು, ಒಳಗೆ ಬೆರಳಿಗಂಟುವ ಅಗ್ಗದ ಶಾಯಿ. ಓದಿ ಬಿಸಾಡಲೆಂದೇ ಮಾಡಿದ ಸರಕು. ಅದನ್ನು ಇವನು ಇಪ್ಪತ್ತು ವರ್ಷ ರದ್ದಿಯಂಗಡಿ, ರಸ್ತೆಬದಿ, ಸತ್ತವರ ಮನೆಯ ಅಟ್ಟ ಎಲ್ಲ ಜಾಲಾಡಿ ಒಟ್ಟುಮಾಡಿದ್ದ. ಮೂವತ್ತೇಳನೆಯದೊಂದು ಮಾತ್ರ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಬಿದ್ದಿದೆ, ಮುದುಕ ಮಾಟ ಮಂತ್ರ ಎಂದು ರಾಗ ಎಳೆಯುತ್ತಿದ್ದಾನೆ. ಬೆಲೆ ಏರಿಸುವ ವ್ಯಾಪಾರಿಗಳ ಆಟ ಇವನಿಗೇನು ಹೊಸತೇ?

"ಈ ವಯಸ್ಸಲ್ಲಿ ನಂಗೂ ಇದನ್ನ ಕಾಯೋಕೆ ಆಗಲ್ಲ," ಎಂದ ಮುದುಕ ಕೊನೆಗೆ. "ತಗೊಂಡ್ಹೋಗಿ. ದಾರ ಇರೋವರೆಗೂ ಅದು ಬರೀ ಕಾಗದ."

ಅವನು ಬಾಡಿಗೆಗಿದ್ದುದು ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ಮೂರು ಗೋಡೆಗೆ ಪುಸ್ತಕ, ನಾಲ್ಕನೆಯದಕ್ಕೆ ಮಂಚ. ಆ ಕೋಣೆಗೆ ಬಂದುಹೋಗುವವರು ಯಾರೂ ಇರಲಿಲ್ಲ. ಇಡೀ ಲೋಕದಲ್ಲಿ ಅವನಿಗೆ ತನ್ನವಳು ಅಂತ ಇದ್ದವಳು ಅಕ್ಕ ಒಬ್ಬಳೇ, ನಾಲ್ಕು ಬೀದಿಯಾಚೆ. ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿನಾರು. ಅಂದು ಹೊಲಿಗೆ ಯಂತ್ರದ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಅವನನ್ನು ಓದಿಸಿದಳು, ತಾನು ಮದುವೆ ಆಗಲಿಲ್ಲ. ಇವತ್ತಿಗೂ ದಿನಾ ಸಂಜೆ ಫೋನ್ ಮಾಡಿ, ನಲವತ್ತಾರರ ಈ ಗಂಡಸನ್ನು "ಮರೀ" ಎಂದು ಕರೆದು, ತಿಂದೆಯಾ ಮಲಗಿದೆಯಾ ಎಂದು ವಿಚಾರಿಸುತ್ತಾಳೆ. ಅವನು ಒಂದು ಕಣ್ಣನ್ನು ಪುಸ್ತಕದ ಮೇಲಿಟ್ಟುಕೊಂಡೇ ಹೂಂ ಅನ್ನುತ್ತಾನೆ. ಅದೊಂದು ಸುಖ ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ.

ಭಾನುವಾರ ಸಂಜೆ ಕಿಟಕಿಯ ಬೆಳಕಿನಲ್ಲಿ ಪತ್ರಿಕೆಯನ್ನು ಮೇಜಿನ ಮೇಲೆ ಬೋರಲು ಮಲಗಿಸಿದ. ಒಳಪುಟವೆಲ್ಲ ಸೊಗಸಾಗಿತ್ತು. ಆದರೆ ಬೆನ್ನಿನುದ್ದಕ್ಕೂ ಕಪ್ಪು ದಾರದ ಏಳು ಒರಟು ಹೊಲಿಗೆ. ಇಂಥದ್ದನ್ನು ಕಂಡರೆ ಸಂಗ್ರಹದ ಹುಚ್ಚಿನವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಪತ್ರಿಕೆ ಅಚ್ಚಿನಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು. 'ಕಪ್ಪು ಕೈಗವಸಿ'ಗೆ ಇದ್ದದ್ದು ಎರಡು ತಂತಿ ಪಿನ್ನು, ಹೊಲಿಗೆಯಲ್ಲ. ಗೆದ್ದಲು ತಿಂದ ಬೇರೊಂದು ಸಂಚಿಕೆಯಿಂದ ಕಿತ್ತ ಅಸಲಿ ಪಿನ್ನುಗಳನ್ನು ಅವನು ಎಂಟು ವರ್ಷದಿಂದ ಡಬ್ಬಿಯಲ್ಲಿ ಜೋಪಾನ ಮಾಡಿದ್ದ.

ಭೂತಗನ್ನಡಿ ಹಿಡಿದು ನೋಡಿದ. ದಾರದ ಜೊತೆ ಉದ್ದದ ಬಿಳಿಗೂದಲು ಹೊಸೆದುಕೊಂಡಿತ್ತು.

"ಯಾವ ಅಜ್ಜಿಯ ಕೈಕೆಲಸವೋ," ಎಂದು ನಕ್ಕು ಮೊದಲ ಹೊಲಿಗೆಗೆ ಬ್ಲೇಡು ತಾಗಿಸಿದ.

ಸರ್ರ್. ಕಾಗದದೊಳಗಿಂದ ದಾರ ಎಳೆದ ಸದ್ದು. ಅದು ಮೇಜಿನಿಂದ ಬಂದಂತಿರಲಿಲ್ಲ, ಅವನ ಕತ್ತಿನ ಹಿಂದಿನಿಂದ ಬಂದಂತಿತ್ತು. ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಹಬ್ಬಿತು. ಕಿಟಕಿ ತೆರೆದ, ವಾಸನೆ ಹೋಗಲಿಲ್ಲ. ಏಳೂ ಹೊಲಿಗೆ ಕತ್ತರಿಸಿ, ತುಂಡುಗಳನ್ನು ಬುಟ್ಟಿಗೆಸೆದು, ಪಿನ್ನು ಹಾಕಿ, ಮೂವತ್ತಾರು ಮತ್ತು ಮೂವತ್ತೆಂಟರ ನಡುವಿನ ಸಂದಿಯಲ್ಲಿ ಪತ್ರಿಕೆಯನ್ನು ತೂರಿಸಿದ. ಇಪ್ಪತ್ತು ವರ್ಷದ ಕೆಲಸ ಮುಗಿದಿತ್ತು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಈ ಹುಚ್ಚು ಅರ್ಥವಾಗುವವರು ಯಾರೂ ಇರಲಿಲ್ಲವಾದ್ದರಿಂದ ದೀಪ ಆರಿಸಿ ಮಲಗಿದ.

ಸೋಮವಾರ ಬೆಳಿಗ್ಗೆ ಹನ್ನೊಂದು ವರ್ಷದಿಂದ ಕೇಳದೆಯೇ ಲೋಟ ಮುಂದಿಡುತ್ತಿದ್ದ ಚಹಾದಂಗಡಿಯವನು, "ಏನು ಕೊಡ್ಲಿ ಸಾರ್? ಊರಿಗೆ ಹೊಸಬರಾ?" ಎಂದ. ತಮಾಷೆ ಅಂದುಕೊಂಡ. ಅಷ್ಟರಲ್ಲಿ ಕತ್ತಿನ ಹಿಂದೆ ಸರ್ರ್ ಎಂದಿತು. ಚಹಾಕ್ಕೂ ಸುಟ್ಟ ಕೂದಲಿನ ವಾಸನೆಯಿತ್ತು.

ಮಂಗಳವಾರ ಮನೆಯ ಒಡತಿ ಮೆಟ್ಟಿಲಲ್ಲಿ ಅಡ್ಡ ನಿಂತು, ಮೇಲೆ ಖಾಲಿ ಕೋಣೆ ನೋಡಲು ಬಂದಿರಾ ಎಂದು ಕೇಳಿದಳು. ಸರ್ರ್.

ಬುಧವಾರ ಮುದ್ರಣಾಲಯದಲ್ಲಿ ಅವನ ಕುರ್ಚಿಯ ಮೇಲೆ ಕಾಗದದ ರಾಶಿ ಇಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿದ್ದ ಸಾಲು ಬೆಳ್ಳಗಿತ್ತು. ಅಳಿಸಿದ ಗುರುತು ಸಹ ಇರಲಿಲ್ಲ. ಇಪ್ಪತ್ತು ವರ್ಷ ಅಕ್ಷರ ತಿದ್ದಿದವನಿಗೆ ಅಳಿಸಿದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಗೊತ್ತು. ಪಕ್ಕದ ಮೇಜಿನವನ ಭುಜ ಹಿಡಿದು ಅಲುಗಿಸಿದ. "ನಾನು ಕಣೋ!" ಅವನು ಹೆದರಿ ಕುರ್ಚಿ ಹಿಂದೆಳೆದುಕೊಂಡ. ಕಾವಲಿನವರು ಬಂದು, ಮರ್ಯಾದೆಯಾಗಿಯೇ, ತೋಳು ಹಿಡಿದು ಹೊರಗೆ ಬಿಟ್ಟರು.

ಆ ಸಂಜೆ ಫೋನ್ ಬರಲಿಲ್ಲ.

ಅವನು ನಿಜವಾಗಿ ಹೆದರಿದ್ದು ಆಗ. ಕೆಲಸ ಹೋಗಲಿ, ಕೋಣೆ ಹೋಗಲಿ. ಬೆಳಗಿನವರೆಗೂ ಫೋನ್ ಹಿಡಿದು ಕೂತಿದ್ದು, ಗುರುವಾರ ಅಕ್ಕನ ಮನೆಗೆ ಓಡಿದ. ಮುಂದಿನ ಕೋಣೆಯೇ ಅವಳ ಹೊಲಿಗೆಯಂಗಡಿ. ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ, ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿದ್ದ ವಾಸನೆ. ಅಕ್ಕ ತಲೆಯೆತ್ತಿದಳು. ಕತ್ತಿನಲ್ಲಿ ಅಳತೆಪಟ್ಟಿ, ತುಟಿಯ ಸಂದಿಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆದು ನಗುತ್ತ ಕೇಳಿದಳು.

"ಯಾರು ಬೇಕಿತ್ತು?"

ಸರ್ರ್.

ಗೋಡೆಯ ಮೇಲಿನ ಫೋಟೋದಲ್ಲಿ ಹದಿನಾರರ ಹುಡುಗಿಯೊಬ್ಬಳು ಬಗ್ಗಿ, ಪಕ್ಕದ ಗಾಳಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

ಅವನು ಓಡಿದ. ಕೋಣೆಗೆ ನುಗ್ಗಿ ಮೂವತ್ತೇಳನೆಯದನ್ನು ಕಿತ್ತುಕೊಂಡು ಹಳೆ ಪುಸ್ತಕದಂಗಡಿಗೆ ಬಂದು ಬಿದ್ದ. ನಡುಮಧ್ಯಾಹ್ನದಲ್ಲೂ ಅಲ್ಲಿ ಕತ್ತಲೆ. ಪುಸ್ತಕದ ರಾಶಿಗಳ ನಡುವಿಂದ ಮುದುಕನ ದನಿ ಬಂತು.

"ಬಿಚ್ಚಿದ್ರಿ, ಅಲ್ವಾ?"

ಅದೊಂದು ಮಾತಿಗೆ ಅವನಿಗೆ ಅಳು ಒತ್ತರಿಸಿ ಬಂತು. "ನಿಮಗೆ... ನಿಮಗೆ ನಾನು ಗೊತ್ತಾ?"

"ಒಂದ್ಸಲ ಇದರ ಬಾಯಿಗೆ ಬಿದ್ದು ಬಂದವನು ನಾನು. ನನ್ನ ಮೇಲೆ ಇದು ಇನ್ನು ನಡೆಯಲ್ಲ. ಕೂತ್ಕೊಳ್ಳಿ."

ಮುದುಕ ಪಿಸುದನಿಯಲ್ಲಿ ಹೇಳಿದ. 'ಕಪ್ಪು ಕೈಗವಸಿ'ಗೆ ಧಾರಾವಾಹಿ ಬರೆಯುತ್ತಿದ್ದ ಬಡಪಾಯಿಯೊಬ್ಬನಿದ್ದ. ಮೂವತ್ತೇಳನೆಯ ಸಂಚಿಕೆಯಲ್ಲಿ ಸಂಪಾದಕ ಅವನ ಕತೆ ಹಾಕಿ ಅವನ ಹೆಸರು ತೆಗೆದ. ಕೇಳಲು ಹೋದರೆ, ನೀನ್ಯಾರೋ ನನಗೆ ಗೊತ್ತಿಲ್ಲ ಎಂದು ಬಾಗಿಲಿಂದಲೇ ಅಟ್ಟಿದ. ಆ ಮನುಷ್ಯ ಮಾಟಗಾರನ ಕಾಲು ಹಿಡಿದು, ಒಂದು ಪ್ರತಿಗೆ ಮಾಟ ಮಾಡಿಸಿ ಸಂಪಾದಕನ ಮೇಜಿನ ಮೇಲಿಟ್ಟು ಬಂದ. ಯಾರ ಕೈಲಿ ಇದು ತೆರೆದುಕೊಳ್ಳುತ್ತೋ ಅವನನ್ನು ಲೋಕ ಮರೆಯಲಿ, ಕೊನೆಗೆ ಅವನೂ ತನ್ನನ್ನು ಮರೆಯಲಿ ಅಂತ.

"ಬಿಚ್ಚಿ ಎಷ್ಟು ದಿನ ಆಯ್ತು?"

"ಭಾನುವಾರ... ಸಂಜೆ."

"ಹಾಗಾದ್ರೆ ಇವತ್ತಿಗೆ ನಾಲ್ಕನೇ ಸಂಜೆ, ಅದೇ ಇದರ ಗಡುವು. ಹೊತ್ತು ಮುಳುಗೋದರೊಳಗೆ ಆಗ್ಬೇಕು. ಸುಡೋಕೆ ಹೋಗಬೇಡಿ, ಸುಟ್ರೆ ಮುಗೀತು. ನಿಮ್ಮ ರಕ್ತ ಹಂಚಿಕೊಂಡವರು ಯಾರಾದ್ರೂ ಒಪ್ಪಿ, ತಮ್ಮ ಕೂದಲು ದಾರಕ್ಕೆ ಹೊಸೆದು ಮತ್ತೆ ಹೊಲೀಬೇಕು. ಏಳು ಹೊಲಿಗೆ."

"ನಿಮಗೆ ಯಾರು ಹೊಲಿದ್ರು?"

ಮುದುಕ ರಾಶಿಯಿಂದ ಜಾರಿದ್ದ ಪುಸ್ತಕವೊಂದನ್ನು ಎತ್ತಿ ಮೇಲಿಟ್ಟ.

"ಗೊತ್ತಿಲ್ಲ. ಕಣ್ಣು ಬಿಟ್ಟಾಗ ಎದುರಿಗೆ ವಯಸ್ಸಾದ ಹೆಂಗಸೊಬ್ರು ಸೂಜಿ ಹಿಡ್ಕೊಂಡು ಅಳ್ತಾ ಕೂತಿದ್ರು. ತಲೆಯೆಲ್ಲ ಬೆಳ್ಳಗೆ. ನಾನು ನಮಸ್ಕಾರ ಹೇಳಿ ಎದ್ದು ಬಂದೆ. ಅವರು ನಿನ್ನ ತಾಯಿ ಅಂತ ಆಮೇಲೆ ಜನ ಹೇಳಿದ್ರು. ಇರಬಹುದು. ಜನ ಯಾಕೆ ಸುಳ್ಳು ಹೇಳ್ತಾರೆ?"

ಅವನು ಗುರಿಯಿಲ್ಲದೆ ಬೀದಿ ಬೀದಿ ಸುತ್ತುತ್ತ ತನ್ನೊಡನೆ ತಾನೇ ಜಗಳವಾಡಿದ. ಬೇಡ, ಅಕ್ಕನನ್ನು ಕೇಳಬಾರದು. ಅವಳನ್ನು ಮರೆತು ಬದುಕಿ ಏನು ಸಾಧಿಸುವುದು? ಕೇಳದಿದ್ದರೆ? ಅವಳಿಗೆ ತಮ್ಮನೊಬ್ಬನಿದ್ದ ಎಂಬುದೇ ಇಲ್ಲವಾಗುತ್ತದೆ. ಇಬ್ಬರಲ್ಲಿ ಒಬ್ಬರಿಗಾದರೂ ನೆನಪಿರಲಿ. ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಂಡ. ಅದು ಪ್ರೀತಿಯೋ ಜೀವದಾಸೆಯೋ, ಅವನನ್ನು ಕೇಳಿದ್ದರೂ ಹೇಳುತ್ತಿರಲಿಲ್ಲ.

ಅಕ್ಕನ ಮನೆಯ ಮೆಟ್ಟಿಲ ಹತ್ತಿರ ಬಂದಾಗ ಬಿಸಿಲು ಗೋಡೆಯ ತುದಿಗೆ ಏರಿತ್ತು. ತನ್ನ ಹೆಸರು ನೆನೆಸಿಕೊಂಡ. ಬರಲಿಲ್ಲ. ಕೆಲಸ? ಏನೋ ಅಕ್ಷರ. ಕಿವಿಯೊಳಗೆ ಸರ್ರ್. ಮೂಗಿನೊಳಗೆ ಸುಟ್ಟ ಕೂದಲು. ಬಾಗಿಲ ಗಾಜಿನಲ್ಲಿ ಯಾರೋ ಕನ್ನಡಕದವನು ಕಂಡ. ಯಾರಿವನು?

"ಏನಾಯ್ತು ನಿಮಗೆ?" ಎಂದಳು ಅಕ್ಕ. "ಬೆಳಿಗ್ಗೆನೂ ಬಂದಿದ್ರಿ."

"ನಾನು... ನಿಮ್ಮ ತಮ್ಮ."

"ನನಗೆ ತಮ್ಮ ಇಲ್ಲಪ್ಪ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

ಅವನು ಬಾಗಿಲಲ್ಲೇ ಕುಸಿದು ಕೂತ. ತೊದಲುತ್ತ ಎಲ್ಲ ಹೇಳಿದ. ಅವಳ ಕೂದಲು ಬೇಕೆಂದ. ಹೊಲಿದರೆ ತಾನು ಅವಳನ್ನು ಮರೆಯುತ್ತೇನೆ ಎಂಬುದನ್ನೂ ಹೇಳಿದ. ಮುಚ್ಚಿಡಲಿಲ್ಲ, ಅಷ್ಟು ಮಾತ್ರ ಅವನ ಪುಣ್ಯ. ಅಕ್ಕ ಪತ್ರಿಕೆಯನ್ನು ತಿರುಗಿಸಿ ನೋಡಿದಳು. ಬೆನ್ನಿನ ಖಾಲಿ ತೂತುಗಳ ಮೇಲೆ ಬೆರಳಾಡಿಸಿದಳು.

"ನೀವ್ಯಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ದೆ ಇರೋರು ನನ್ನ ಮರೆತ್ರೆ ನನಗೇನು ಹೋಗುತ್ತೆ? ಕೊಡಿ ಇಲ್ಲಿ. ಅಳಬೇಡಿ."

ತುರುಬಿನಿಂದ ಒಂದು ಕೂದಲು ಕಿತ್ತಳು. ಕಪ್ಪು ದಾರಕ್ಕೆ ಹೊಸೆದಳು. ಸೂಜಿಗೆ ಪೋಣಿಸಿದಳು. ಬಿಸಿಲು ಗೋಡೆ ಬಿಡುವುದರಲ್ಲಿತ್ತು.

ಒಂದು. ಅವನಿಗೆ ತನ್ನ ಹೆಸರು ಬಂತು. ಎರಡು. ಮುದ್ರಣಾಲಯ, ಕೆಂಪು ಶಾಯಿ, ಪಕ್ಕದ ಮೇಜು. ಮೂರು. ಕೋಣೆ, ಬೀಗದ ಕೈ. ಅಕ್ಕ ಅವನ ಮುಖವನ್ನೊಮ್ಮೆ ನೋಡಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ನಾಲ್ಕು. ಅವಳ ಕಣ್ಣಲ್ಲಿ ನೀರು. ಐದು. ಕತ್ತಲೆ ಮೂಲೆಗಳಿಂದ ಎದ್ದು ಬಂತು. ವಾಸನೆ ಉಸಿರು ಕಟ್ಟಿಸಿತು. ನಿಲ್ಲಿಸು ಅಕ್ಕಾ, ಎನ್ನಬೇಕೆಂದು ಬಾಯಿ ತೆರೆದ. ಆರು. ಏನೋ ಹೇಳಬೇಕೆಂದಿದ್ದ. ಏನು? ಯಾರಿಗೆ? ಏಳು.

ಅವಳು ಗಂಟು ಹಾಕಿ, ಹಲ್ಲಿನಲ್ಲಿ ದಾರ ಕಡಿದು, ತಲೆಯೆತ್ತಿದಳು.

"ಮರೀ!" ಎಂದು ಚೀರಿದಳು.

ಅವನು ಸುತ್ತ ನೋಡಿದ. ಬೆಕ್ಕನ್ನು ಕರೆದಳೇನೋ ಅಂದುಕೊಂಡ. ವಾಸನೆ ಹೋಗಿತ್ತು, ಕಿವಿ ನಿಶ್ಶಬ್ದವಾಗಿತ್ತು. ಎದುರಿಗೆ ಹೊಲಿಗೆಯಾಕೆ, ಐವತ್ತು ದಾಟಿದವಳು, ಸೂಜಿ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳ ಮಡಿಲಲ್ಲಿ ತನ್ನ ಪತ್ರಿಕೆ. ಇಷ್ಟು ಹೊತ್ತು ತಾನಿಲ್ಲಿ ಏಕೆ ಕೂತಿದ್ದೆ ಎಂದು ಅವನಿಗೆ ಸಂಕೋಚವಾಯಿತು. ಎದ್ದು ಜೇಬಿಗೆ ಕೈ ಹಾಕಿದ.

"ಹೊಲಿದಿದ್ದಕ್ಕೆ ಎಷ್ಟಾಯ್ತಮ್ಮ?"

ಅವಳು ಬಾಯಿಗೆ ಸೆರಗೊತ್ತಿಕೊಂಡು, ಏನೂ ಬೇಡ ಎಂದು ತಲೆಯಾಡಿಸಿದಳು.

"ಹಾಗಂದ್ರೆ ಹೇಗೆ?" ಎಂದು ಅವನು ಯಂತ್ರದ ಪಕ್ಕ ಒಂದು ನೋಟಿಟ್ಟು, ಪತ್ರಿಕೆ ಎತ್ತಿಕೊಂಡು ಕೈಮುಗಿದು, ಮೆಟ್ಟಿಲಿಳಿದ. ಬೀದಿಯಲ್ಲಿ ಚಹಾದಂಗಡಿಯವನು, ಎಲ್ಲಿ ಸಾರ್ ಕಾಣಲೇ ಇಲ್ಲ ಎಂದು ಕೂಗಿ ಮಾತಾಡಿಸಿದ. ಅವನು ನಕ್ಕು ಕೈಯೆತ್ತಿದ. ನಡೆಯುತ್ತ ಒಮ್ಮೆ ಹಿಂತಿರುಗಿ ನೋಡಿದಾಗ ಆಕೆ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಪಾಪ, ತನ್ನವರು ಅಂತ ಯಾರೂ ಇಲ್ಲದ ಹೆಂಗಸಿರಬೇಕು ಅಂದುಕೊಂಡು ಮನೆಯ ಕಡೆ ಹೆಜ್ಜೆ ಹಾಕಿದ.